ಇನ್ನು ಮೂರೇ ಗಿರಾಕಿ ಸಾಕು ಅಂದವಳು

1678ರ ಕೊನೆ. ಪ್ಯಾರಿಸ್‌ನಲ್ಲಿ ಒಬ್ಬ ದರ್ಜಿಯ ಮನೆಯಲ್ಲಿ ರಾತ್ರಿ ಊಟ. ದರ್ಜಿಯ ಹೆಂಡತಿಯನ್ನು ಊರೆಲ್ಲ ವಿಗುರೂ ಅಂತ ಕರೆಯುತ್ತಿತ್ತು. ಕೈ ನೋಡಿ ಭವಿಷ್ಯ ಹೇಳೋದು ಅವಳ ಕಸುಬು. ಊಟಕ್ಕೆ ಬಂದಿದ್ದ ಗೆಳತಿ ಮರೀ ಬಾಸ್ ಕೂಡ ಅದೇ ಕಸುಬಿನವಳು, ಕುದುರೆ ವ್ಯಾಪಾರಿಯೊಬ್ಬನ ವಿಧವೆ. ವೈನ್ ಸ್ವಲ್ಪ ಜಾಸ್ತಿ ಇಳಿದ ಮೇಲೆ ಮರೀ ಬಾಸ್ ಬಾಯಿ ಸಡಿಲವಾಯಿತು. ನನ್ನ ಗಿರಾಕಿಗಳೆಲ್ಲ ದೊಡ್ಡ ಮನೆಯವರು, ಇನ್ನು ಮೂರು ಜನಕ್ಕೆ ವಿಷ ಹಾಕಿಸಿದರೆ ಸಾಕು, ಆಮೇಲೆ ಅಂಗಡಿ ಮುಚ್ಚಿ ಕೂತು ತಿನ್ನಬಹುದು ಅನ್ನೋ ಅರ್ಥದ ಮಾತಾಡಿದಳು. ಕುಡಿದವರ ಮಾತು ಅಂತ ಎಲ್ಲರೂ ನಕ್ಕರು. ಊಟಕ್ಕೆ ಬಂದಿದ್ದ ಒಬ್ಬ ವಕೀಲನಿಗೆ ಮಾತ್ರ ಇದು ತಮಾಷೆ ಅನ್ನಿಸಲಿಲ್ಲ. ಅವನು ಹೋಗಿ ದೆಗ್ರೇ ಎಂಬ ಪೊಲೀಸ್ ಅಧಿಕಾರಿಗೆ ಹೇಳಿದ.

ದೆಗ್ರೇ ಮಾಡಿದ ಕೆಲಸ ಇವತ್ತಿನ ಯಾವ ಪೊಲೀಸನೂ ಮಾಡುವಂಥದ್ದೇ. ತನ್ನ ಕೈಕೆಳಗಿನ ಒಬ್ಬ ಸಿಪಾಯಿಯ ಹೆಂಡತಿಯನ್ನು ಮರೀ ಬಾಸ್ ಹತ್ತಿರ ಕಳಿಸಿದ. ಆಕೆ ಹೋಗಿ ಗಂಡ ಹಿಂಸೆ ಕೊಡುತ್ತಾನೆ ಅಂತ ಗೋಳಾಡಬೇಕು, ಅಷ್ಟೆ. ಅವಳ ಕೈಗೆ ವಿಷದ ಸೀಸೆ ಬಂದೇಬಿಟ್ಟಿತು. 1679ರ ಜನವರಿ 4ಕ್ಕೆ ಮರೀ ಬಾಸ್ ಮತ್ತು ವಿಗುರೂ ಇಬ್ಬರೂ ಒಳಗೆ. ಅಲ್ಲಿಂದ ಶುರುವಾದ ತನಿಖೆ ಫ್ರಾನ್ಸಿನ ರಾಜ 14ನೇ ಲೂಯಿಯ ಅರಮನೆಯ ಮಲಗುವ ಕೋಣೆಯವರೆಗೂ ಹೋಯಿತು. ಇತಿಹಾಸದಲ್ಲಿ ಇದಕ್ಕೆ ‘ವಿಷಗಳ ಪ್ರಕರಣ’ ಅಂತಲೇ ಹೆಸರು.

ಐತಿಹಾಸಿಕ ಕ್ರೈಂ ಥ್ರಿಲ್ಲರ್ ಅಂದರೆ ನನಗೆ ಜೀವ. ಆದರೆ ಈ ಪ್ರಕರಣವನ್ನು ಹೇಳುವವರೆಲ್ಲ ಸೀದಾ ಮಾಟ, ಸೈತಾನ, ಬಲಿಪೀಠ ಅಂತ ಓಡಿಬಿಡುತ್ತಾರೆ. ಅದೆಲ್ಲ ಇದೆ, ನಾನೂ ಹೇಳ್ತೀನಿ. ಆದರೆ ಇಡೀ ಕಥೆಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಗಿರಾಕಿಗಳು. ಅಷ್ಟೊಂದು ಹೆಂಗಸರು ಆ ಮನೆಗಳ ಬಾಗಿಲಿಗೆ ಯಾಕೆ ಹೋದರು ಅನ್ನೋದು.

ಮೊದಲು ಊರಿನ ಮನಸ್ಸು ಹೇಗಿತ್ತು ಅಂತ ಗೊತ್ತಿರಬೇಕು. ಅದಕ್ಕೂ ಎರಡೂವರೆ ವರ್ಷ ಹಿಂದೆ, 1676ರ ಜುಲೈನಲ್ಲಿ, ಬ್ರಿನ್ವಿಲಿಯೇ ಎಂಬ ಮಾರ್ಕೀಸ್ ಪಟ್ಟದ ಹೆಂಗಸಿನ ತಲೆ ಕಡಿದು ಹೆಣ ಸುಟ್ಟಿದ್ದರು. ಅಪ್ಪನಿಗೂ ಇಬ್ಬರು ಅಣ್ಣತಮ್ಮಂದಿರಿಗೂ ವಿಷ ಹಾಕಿಸಿದ ಆರೋಪ. ಅಪ್ಪ ಸಾಯುವಾಗ ಪಕ್ಕದಲ್ಲೇ ಕೂತು ಸೇವೆ ಮಾಡಿದ ಮಗಳು ಇವಳು. ಅವಳ ಪ್ರಿಯಕರ ಸಾಲ ಮಾಡಿಕೊಂಡು 1672ರಲ್ಲಿ ಸತ್ತ. ಅವನ ಸಾಮಾನು ಜಪ್ತಿ ಮಾಡುವಾಗ ಒಂದು ಪೆಟ್ಟಿಗೆ ಸಿಕ್ಕಿತು. ಅದರೊಳಗೆ ವಿಷ, ಜೊತೆಗೆ ಅವಳ ಪತ್ರಗಳು. ಅವಳು ದೇಶ ಬಿಟ್ಟು ಓಡಿ, ಕೊನೆಗೆ ಲಿಯೇಜ್ ಊರಿನ ಒಂದು ಕಾನ್ವೆಂಟಿನಲ್ಲಿ ಸಿಕ್ಕಿಬಿದ್ದಳು. ಹಿಡಿದು ತಂದವನು ಇದೇ ದೆಗ್ರೇ. ಅವಳನ್ನು ಸುಟ್ಟ ದಿನ, ಪತ್ರಗಳಿಗೇ ಹೆಸರಾದ ಮೇಡಂ ಸೆವಿನ್ಯೇ ತನ್ನ ಮಗಳಿಗೆ ಬರೆದ ಪತ್ರದಲ್ಲಿ ಬೂದಿ ಗಾಳಿಗೆ ಹೋಗಿದೆ, ಇನ್ನು ನಾವೆಲ್ಲ ಅವಳನ್ನೇ ಉಸಿರಾಡಬೇಕು ಅಂತ ಅಣಕವಾಡಿದ್ದಾಳೆ. ಆಮೇಲೆ ಊರಲ್ಲಿ ಯಾರಿಗೆ ಹೊಟ್ಟೆನೋವು ಬಂದರೂ ವಿಷದ ಗುಮಾನಿ. ಗುಮಾನಿಗೆ ಕಾರಣವೂ ಇತ್ತು. ಆಗ ಪಾಷಾಣ, ಅಂದರೆ ಬಿಳಿ ಆರ್ಸೆನಿಕ್, ಇಲಿ ಕೊಲ್ಲೋಕೆ ಅಂತ ಸುಲಭವಾಗಿ ಸಿಗುತ್ತಿತ್ತು. ಅದು ದೇಹಕ್ಕೆ ಸೇರಿದರೆ ವಾಂತಿ ಭೇದಿ, ನೋಡುವವರಿಗೆ ಮಾಮೂಲಿ ಹೊಟ್ಟೆಯ ಕಾಯಿಲೆಯ ಥರವೇ ಕಾಣುತ್ತದೆ. ಹೆಣದೊಳಗಿನ ಆರ್ಸೆನಿಕ್ಕನ್ನು ನಂಬಿಕೆಯಿಂದ ಪತ್ತೆ ಹಚ್ಚುವ ಪರೀಕ್ಷೆ ಬಂದದ್ದು 1836ರಲ್ಲಿ. ಅಂದರೆ ಈ ಕಥೆ ನಡೆದು ನೂರೈವತ್ತು ವರ್ಷ ಆದ ಮೇಲೆ.

ಈಗ ಮುಖ್ಯ ಪಾತ್ರಕ್ಕೆ ಬರೋಣ. ಕ್ಯಾಥರೀನ್ ಮೋನ್ವಾಜೆನ್. ಎಲ್ಲರ ಬಾಯಲ್ಲೂ ಲಾ ವಾಜೆನ್. ಗಂಡ ಆಂತ್ವಾನ್ ಮಾಡಿದ ವ್ಯಾಪಾರವೆಲ್ಲ ನೆಲ ಕಚ್ಚಿತ್ತು. ಮನೆ ತುಂಬ ಬಾಯಿಗಳು. ಇವಳು ಮುಖಲಕ್ಷಣ, ಹಸ್ತರೇಖೆ ನೋಡಿ ಸಂಸಾರ ಸಾಕಿದಳು. ಇದು ದೇವರು ಕೊಟ್ಟ ವಿದ್ಯೆ ಅಂತ ಕೊನೆವರೆಗೂ ಹೇಳುತ್ತಿದ್ದಳು. ಪಾದ್ರಿಗಳು ಒಮ್ಮೆ ತಗಾದೆ ತೆಗೆದಾಗ ಪ್ಯಾರಿಸ್‌ನ ವಿದ್ಯಾಪೀಠ ಸೊರ್ಬಾನ್‌ನ ಪಂಡಿತರ ಮುಂದೆಯೇ ಹೋಗಿ ವಾದ ಮಾಡಿ ಬಂದವಳಂತೆ. ದುಡ್ಡು ಬಂದ ಮೇಲೆ ಠೀವಿಯೂ ಬಂತು. ಭವಿಷ್ಯ ಹೇಳುವಾಗ ಹಾಕಿಕೊಳ್ಳೋಕೆ ಕೆಂಪು ಮಖಮಲ್ಲಿನ ನಿಲುವಂಗಿ, ಅದರ ಮೇಲೆ ಚಿನ್ನದ ದಾರದಲ್ಲಿ ಕಸೂತಿ ಮಾಡಿದ ಹದ್ದುಗಳು. ಆ ಉಡುಪಿಗೆ ಆಗಿನ ಫ್ರಾನ್ಸಿನ ದುಡ್ಡಿನಲ್ಲಿ 1500 ಲಿವ್ರ್ ಸುರಿದಿದ್ದಳು. ಹಗಲು ಹೊತ್ತು ಗಿರಾಕಿಗಳ ಸಾಲು, ಸಂಜೆ ತೋಟದಲ್ಲಿ ಪಿಟೀಲು ಸಂಗೀತ. ಊರಿನ ಗಲ್ಲು ಹಾಕುವವನೇ ಅವಳ ಪ್ರಿಯಕರರಲ್ಲಿ ಒಬ್ಬ. ಇದನ್ನು ಯಾವನಾದರೂ ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯ್ತು ಮಾರಾಯ ಅಂತ ಬೈತಿದ್ದೆ.

ಅವಳ ಕಸುಬು ಮೆಟ್ಟಿಲು ಮೆಟ್ಟಿಲಾಗಿ ಇತ್ತು. ಯಾರೂ ಬಂದ ದಿನವೇ ವಿಷ ಕೇಳುತ್ತಿರಲಿಲ್ಲ. ಮೊದಲು ಕೈ ನೋಡಿಸಿಕೊಳ್ಳೋದು. ಗಂಡನ ಬುದ್ಧಿ ನೆಟ್ಟಗಾಗಲಿ ಅಂತ ಯಾವುದೋ ಸಂತನಿಗೆ ಒಂಬತ್ತು ದಿನದ ಪ್ರಾರ್ಥನೆ ಹೊರೋದು. ಅದು ಫಲಿಸದಿದ್ದರೆ ಪುಡಿ, ನಮ್ಮಲ್ಲಿ ಕೈಮದ್ದು ಅಂತಾರಲ್ಲ, ಹಾಗೆ ಊಟದಲ್ಲಿ ಬೆರೆಸೋದು. ಕಪ್ಪೆಯ ಮೂಳೆ, ಬಾವಲಿಯ ರಕ್ತ, ಒಣಗಿಸಿ ಕುಟ್ಟಿದ ಹುಳ, ಹೀಗೆ ಏನೇನೋ. ಆಮೇಲೆ ಗಂಡನ ಅಂಗಿ ತರೋಕೆ ಹೇಳೋದು, ಅದಕ್ಕೊಂದು ಮಂತ್ರ. ಪ್ರತಿ ಮೆಟ್ಟಿಲಿಗೂ ದುಡ್ಡು. ಕೊನೇ ಮೆಟ್ಟಿಲಲ್ಲಿ ಪಾಷಾಣ. ವಿಚಾರಣೆಯಲ್ಲಿ ಅವಳೇ ಹೇಳಿದ್ದರ ಸಾರ ಇದು: ಬರುವವರಲ್ಲಿ ಮುಕ್ಕಾಲುಪಾಲು ಹೆಂಗಸರು ಕೇಳೋದು ಒಂದೇ, ನಾನು ಬೇಗ ವಿಧವೆ ಆಗ್ತೀನಾ? ಕೈ ನೋಡಿಸಲು ಅಂತ ಬಂದವರೂ ಹೋಗ್ತಾ ಹೋಗ್ತಾ ಅಲ್ಲಿಗೇ ಬಂದು ನಿಲ್ಲುತ್ತಾರೆ.

ಇದನ್ನು ಓದಿದಾಗ ನನಗೆ ಮೊದಲು ಎಲ್ಲೋ ಎಡವಟ್ಟಾಯ್ತು ಅನ್ನಿಸಿತು. ಯಾಕೆಂದರೆ ಅದೇ ಕಾಲದಲ್ಲಿ ನಮ್ಮ ಕಡೆ ಎಷ್ಟೋ ಜಾತಿಗಳಲ್ಲಿ ವಿಧವೆ ಅಂದರೆ ತಲೆ ಬೋಳಿಸಿಕೊಂಡು ಮೂಲೆಯಲ್ಲಿ ಕೂರೋದು. ಯಾರು ತಾನೇ ಬೇಗ ವಿಧವೆ ಆಗಲಿ ಅಂತ ಹರಸಿಕೊಳ್ತಾರೆ? ಆದರೆ ಅಲ್ಲಿ ಲೆಕ್ಕ ಬೇರೆ. ಅಲ್ಲಿ ಮದುವೆಯಾದ ಹೆಂಗಸು ಕಾನೂನಿನ ಕಣ್ಣಲ್ಲಿ ಹೆಚ್ಚುಕಡಿಮೆ ಗಂಡನ ಸುಪರ್ದಿಯಲ್ಲಿರುವ ಮಗು. ಅವಳು ತಂದ ವರದಕ್ಷಿಣೆಯ ಉಸ್ತುವಾರಿ ಗಂಡನದ್ದು. ಅವನಿಗೆ ಬೇಡ ಅನ್ನಿಸಿದರೆ ಅವಳನ್ನು ಕಾನ್ವೆಂಟಿಗೆ ಸೇರಿಸಿ ಬಾಗಿಲು ಹಾಕಿಸಬಹುದಿತ್ತು. ವಿಚ್ಛೇದನ ಅನ್ನೋದೇ ಇರಲಿಲ್ಲ, ಅದು ಫ್ರಾನ್ಸಿಗೆ ಬಂದದ್ದು ಕ್ರಾಂತಿ ಆದ ಮೇಲೆ, 1792ರಲ್ಲಿ. ಹೊಡೆತ ಜೀವಕ್ಕೇ ಬಂತು ಅಂತ ಸಾಬೀತು ಮಾಡಿದರೆ ಬೇರೆ ಇರೋಕೆ ಕೋರ್ಟು ಬಿಡಬಹುದು, ಆದರೆ ಮತ್ತೆ ಮದುವೆ ಆಗೋ ಹಾಗಿಲ್ಲ. ವಿಧವೆಗೆ ಮಾತ್ರ ತನ್ನ ದುಡ್ಡು ತನ್ನ ಕೈಗೆ. ಅಂಗಡಿ ನಡೆಸಬಹುದು, ಕರಾರಿಗೆ ಸಹಿ ಹಾಕಬಹುದು, ಬೇಕಾದವನನ್ನು ಕಟ್ಟಿಕೊಳ್ಳಬಹುದು. ಗಂಡಸಿನ ನೆರಳಿಲ್ಲದೆ ಬದುಕಲು ಹೆಂಗಸಿಗೆ ಇದ್ದ ನೇರ ದಾರಿ ಅದೊಂದೇ, ಮತ್ತೆ ಆ ದಾರಿಗೆ ಒಬ್ಬ ಸಾಯಬೇಕು.

ಹಾಗಂತ ಇವರನ್ನೆಲ್ಲ ಪಾಪದ ಹೆಂಗಸರು ಅಂತ ನಾನು ಹೇಳೋಲ್ಲ. ಮೇಡಂ ಬ್ರುನೇ ಕಥೆ ಕೇಳಿ. ಗಂಡ ಅನುಕೂಲಸ್ಥ ವ್ಯಾಪಾರಿ, ಸಂಗೀತದ ಹುಚ್ಚ. ಫಿಲಿಬೇರ್ ಅಂತ ಅರಮನೆಯ ಕೊಳಲುವಾದಕನನ್ನು ಮನೆಗೆ ಕರೆದು ಕರೆದು ಕೂರಿಸುತ್ತಿದ್ದ. ಎಷ್ಟು ಇಷ್ಟ ಅಂದರೆ ತನ್ನ ಮಗಳನ್ನೇ ಅವನಿಗೆ ಕೊಡೋಕೆ ಹೊರಟ. ಇತ್ತ ಹೆಂಡತಿಗೂ ಅವನ ಮೇಲೇ ಮನಸ್ಸು. ಅವಳು ಲಾ ವಾಜೆನ್ ಬಳಿಗೆ ಹೋದಳು, ಗಂಡ ಸತ್ತ, ಅವಳು ಕೊಳಲಿನವನನ್ನೇ ಮದುವೆಯಾದಳು. ಮದುವೆಯ ಕರಾರಿಗೆ ಸ್ವತಃ ರಾಜ ಸಹಿ ಹಾಕಿದ್ದ! ಪ್ರಕರಣ ಹೊರಬಿದ್ದಾಗ ಅವಳ ಬಲಗೈ ಕಡಿದು ನೇಣಿಗೆ ಹಾಕಿದರು. ಫಿಲಿಬೇರ್ ತಾನಾಗಿಯೇ ಹೋಗಿ ಜೈಲಿಗೆ ಕೂತು, ತನಗೇನೂ ಗೊತ್ತಿರಲಿಲ್ಲ ಅಂತ ಸಾಬೀತಾಗಿ ಹೊರಬಂದ. ನನಗೆ ಈ ಕಥೆಯಲ್ಲಿ ಆ ಮಗಳದ್ದೇ ಯೋಚನೆ. ಅಪ್ಪ ಹೋದ, ಅಮ್ಮ ಹೋದಳು, ಗಂಡ ಆಗಬೇಕಿದ್ದವನು ಮಲತಂದೆ ಆಗಿದ್ದ.

ಇನ್ನೊಬ್ಬಳು ಮೇಡಂ ಪುಲಾಯೋಂ. ದೊಡ್ಡ ಮನೆತನ, ಚಿಕ್ಕ ವಯಸ್ಸು, ಮುದಿ ಗಂಡ, ದುಡ್ಡು ಕೀಳುವ ಪ್ರಿಯಕರ. ಗಂಡನ ಅಂಗಿಗಳಿಗೆ ಪಾಷಾಣ ಹಾಕಿ ತೊಳೆಸುವ ಸಂಚು ನಡೆದಿತ್ತು. ಗಂಡನಿಗೆ ಸುಳಿವು ಸಿಕ್ಕಿ ಬಚಾವಾದ. ಅವಳು ಕಟಕಟೆಯಲ್ಲಿ ನಿಂತು ಎಷ್ಟು ಚೆನ್ನಾಗಿ ಮಾತಾಡಿದಳೆಂದರೆ ನ್ಯಾಯಾಧೀಶರ ಮನಸ್ಸು ಕರಗಿಹೋಯಿತು. ಗಡೀಪಾರು ಅಂದರು, ಆಮೇಲೆ ಆಂಜೇ ಊರಿನಲ್ಲಿ ದಾರಿ ತಪ್ಪಿದ ಹೆಂಗಸರನ್ನು ಇಡುವ ಮನೆಗೆ ಕಳಿಸಿದರು. ಮರೀ ಬಾಸ್‌ಳನ್ನು ಮಾತ್ರ 1679ರ ಮೇ ತಿಂಗಳಲ್ಲಿ ಜೀವಂತ ಸುಟ್ಟಿದ್ದರು. ವಿಗುರೂ ಚಿತ್ರಹಿಂಸೆಯಲ್ಲೇ ಸತ್ತಿದ್ದಳು. ಲೆಪೇರ್ ಎಂಬ ಮುದಿ ಸೂಲಗಿತ್ತಿಯನ್ನು ಗರ್ಭ ತೆಗೆಸಿದ್ದಕ್ಕೆ ನೇಣಿಗೆ ಹಾಕಿದರು. ಮದುವೆಯಿಲ್ಲದೆ ಬಸಿರಾದವರು, ಎಂಟು ಹತ್ತು ಹೆತ್ತು ಸುಸ್ತಾದವರು ಅವಳ ಹತ್ತಿರ ಹೋಗದೆ ಮತ್ತೆಲ್ಲಿಗೆ ಹೋಗಬೇಕಿತ್ತು? ಗಿರಾಕಿ ಗೌರವಸ್ಥಳಾದರೆ ಬುದ್ಧಿಮಾತು, ಮಾರಿದವಳಿಗೆ ಬೆಂಕಿ. ಇಡೀ ಪ್ರಕರಣ ಹೀಗೇ ನಡೆದದ್ದು.

ಮಾಟದ ವಿಷಯಕ್ಕೆ ಬರ್ತೀನಿ. ಲಾ ವಾಜೆನ್‌ಳ ಜೊತೆಗಾರ ಲೆಸಾಜ್ ಎಂಬ ಮಂತ್ರವಾದಿ ಇದ್ದ. ಮೊದಲೇ ಒಮ್ಮೆ ಹುಟ್ಟುಹಾಕುವ ಶಿಕ್ಷೆಗೆ ಹಡಗಿಗೆ ಹೋಗಿಬಂದವನು. ಅವನ ಕೈಚಳಕ ಹೀಗಿತ್ತು. ಸೈತಾನನಿಗೆ ಏನು ಬೇಕು ಅಂತ ಚೀಟಿಯಲ್ಲಿ ಬರೆಯಿರಿ ಅನ್ನುತ್ತಿದ್ದ. ಚೀಟಿಯನ್ನು ಮೇಣದ ಉಂಡೆಯಲ್ಲಿಟ್ಟು ನಿಮ್ಮ ಕಣ್ಣೆದುರೇ ಬೆಂಕಿಗೆ ಹಾಕುತ್ತಿದ್ದ. ಉಂಡೆ ಢಮ್ ಅಂತ ಸಿಡಿಯುತ್ತಿತ್ತು. ನಿಜವಾದ ಚೀಟಿ ಅವನ ತೋಳಿನೊಳಗೆ! ಕೆಲವು ದಿನ ಬಿಟ್ಟು ಅದೇ ಚೀಟಿ ತೋರಿಸಿ, ನೋಡಿ ಸೈತಾನ ಕಳಿಸಿದ್ದಾನೆ ಅನ್ನೋದು. ಗಂಡ ಸಾಯಲಿ ಅಂತ ನಿಮ್ಮ ಕೈಬರಹದಲ್ಲೇ ಬರೆದ ಕಾಗದ ಅವನ ಹತ್ತಿರ ಇದ್ದರೆ ನೀವು ಅವನಿಗೆ ಯಾವತ್ತಾದರೂ ಎದುರಾಡ್ತೀರಾ? ಸುಮ್ನೆ ಅಲ್ಲ, ಬ್ಲ್ಯಾಕ್‌ಮೇಲ್‌ಗೆ ಇದಕ್ಕಿಂತ ಒಳ್ಳೆ ಉಪಾಯ ನಾನು ಯಾವ ಥ್ರಿಲ್ಲರ್‌ನಲ್ಲೂ ಓದಿಲ್ಲ. ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ಅಂಟಿಸಿರುವ ‘ಸ್ತ್ರೀ ಪುರುಷ ವಶೀಕರಣ, ಗಂಡ ಹೆಂಡತಿ ಕಲಹ, ಒಂದೇ ದಿನದಲ್ಲಿ ಪರಿಹಾರ’ ಚೀಟಿ ನೋಡಿದಾಗೆಲ್ಲ ನನಗೆ ಈ ಲೆಸಾಜ್ ನೆನಪಾಗ್ತಾನೆ.

ಇವನು ಲಾ ವಾಜೆನ್‌ಳ ಗಂಡನ ಮೇಲೂ ಪ್ರಯೋಗ ಮಾಡಿದ್ದ. ಒಂದು ಕುರಿಯ ಹೃದಯವನ್ನು ತೋಟದಲ್ಲಿ ಹೂತರೆ ಆಂತ್ವಾನ್ ಸಾಯುತ್ತಾನೆ ಅಂತ. ಆಂತ್ವಾನ್‌ಗೆ ಹೊಟ್ಟೆನೋವು ಬಂತು, ಇವಳಿಗೇ ಹೆದರಿಕೆಯಾಗಿ ನಿಲ್ಲಿಸು ಅಂದಳು. ಊರಿನ ಗಂಡಂದಿರನ್ನೆಲ್ಲ ಸಾಗಹಾಕಿಸಿದ ಹೆಸರು ಇವಳದ್ದು, ಆದರೆ ಸ್ವಂತ ಗಂಡ ಮಾತ್ರ ಎಷ್ಟು ಸಲ ಯತ್ನಿಸಿದರೂ ಸಾಯಲಿಲ್ಲ.

1679ರ ಮಾರ್ಚ್ 12, ಭಾನುವಾರ. ಲಾ ವಾಜೆನ್ ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬಂದಾಗಲೇ ಹಿಡಿದರು. ಏಪ್ರಿಲ್‌ನಲ್ಲಿ ರಾಜ ಇದಕ್ಕೆ ಅಂತಲೇ ಒಂದು ವಿಶೇಷ ನ್ಯಾಯಾಲಯ ಮಾಡಿದ. ಮಾಮೂಲಿ ಕೋರ್ಟಿನ ನ್ಯಾಯಾಧೀಶರ ನೆಂಟರಿಷ್ಟರೇ ಗಿರಾಕಿಗಳ ಪಟ್ಟಿಯಲ್ಲಿದ್ದರಲ್ಲ! ‘ಉರಿಯುವ ಕೋಣೆ’ ಅಂತ ಅದಕ್ಕೆ ಹೆಸರು. ತನಿಖೆಯ ಹೊಣೆ ಲಾ ರೇನಿಯದು. ಪ್ಯಾರಿಸ್‌ನ ಮೊದಲ ಪೊಲೀಸ್ ಮುಖ್ಯಸ್ಥ ಅವನು, 1667ರಲ್ಲಿ ನೇಮಕಗೊಂಡವನು, ಊರಿನ ಬೀದಿಗಳಲ್ಲಿ ರಾತ್ರಿ ಲಾಂದ್ರ ಉರಿಯುವ ಹಾಗೆ ಮಾಡಿದವನೂ ಅವನೇ. ಶಿಸ್ತಿನ ಮನುಷ್ಯ, ಎಲ್ಲವನ್ನೂ ಬರೆದಿಡುವವನು.

ಲಾ ವಾಜೆನ್‌ಳನ್ನು 1680ರ ಫೆಬ್ರವರಿ 22ರಂದು ಗ್ರೇವ್ ಚೌಕದಲ್ಲಿ ಸುಟ್ಟರು. ಅದನ್ನೂ ಸೆವಿನ್ಯೇ ಬರೆದಿದ್ದಾಳೆ. ಪಾದ್ರಿಯನ್ನೂ ಶಿಲುಬೆಯನ್ನೂ ಆಚೆ ತಳ್ಳಿದಳಂತೆ, ಮೈಮೇಲೆ ಹಾಕಿದ ಹುಲ್ಲನ್ನು ಮತ್ತೆ ಮತ್ತೆ ಕೊಡವಿದಳಂತೆ. ರಾಜನ ಪ್ರೇಯಸಿಯ ಹೆಸರನ್ನು ಅವಳು ಒಮ್ಮೆಯೂ ಎತ್ತಲಿಲ್ಲ.

ಹೆಸರು ಬಂದದ್ದು ಅವಳು ಸತ್ತ ಮೇಲೆ. ಮಗಳು ಮರೀ ಮಾರ್ಗರೀತ್ ಬಾಯಿ ಬಿಟ್ಟಳು. ಮೇಡಂ ಮೋಂತೆಸ್ಪಾಂ, ಅಂದರೆ 1667ರಿಂದ ರಾಜನ ಜೊತೆಗಿದ್ದು ಅವನಿಗೆ ಏಳು ಮಕ್ಕಳನ್ನು ಹೆತ್ತವಳು, ರಾಜನ ಪ್ರೀತಿ ಉಳಿಸಿಕೊಳ್ಳೋಕೆ ವರ್ಷಗಟ್ಟಲೆ ಪುಡಿ ತರಿಸುತ್ತಿದ್ದಳು ಅಂದಳು. ಗಿಬೂರ್ ಎಂಬ ಮುದಿ ಪಾದ್ರಿ, ಬೆತ್ತಲೆ ಹೆಂಗಸಿನ ಮೈಯನ್ನೇ ಬಲಿಪೀಠ ಮಾಡಿಕೊಂಡು ತಲೆಕೆಳಗಾದ ಪೂಜೆ ನಡೆಸಿದ, ಹಸುಗೂಸಿನ ಬಲಿ ಕೊಟ್ಟ ಅಂದಳು. ಗಿಬೂರ್ ಕೂಡ ಹೌದು ಅಂದ. ಕೊನೆಗೆ ರಾಜನಿಗೇ ವಿಷ ಸವರಿದ ಅರ್ಜಿ ಕೊಟ್ಟು ಕೊಲ್ಲುವ ಯೋಜನೆ ಇತ್ತು, ಅಮ್ಮ ಸಿಕ್ಕಿಬೀಳದಿದ್ದರೆ ಮರುದಿನವೇ ಅದು ನಡೆಯಬೇಕಿತ್ತು ಅಂತಲೂ ಅಂದಳು.

ನಾನು ಇದನ್ನು ಪೂರ್ತಿ ನಂಬೋಲ್ಲ. ಕೈಮದ್ದಿನ ಪುಡಿ ತರಿಸಿದ್ದನ್ನು ನಂಬ್ತೀನಿ. ವಯಸ್ಸಾಗುತ್ತಿರುವ, ರಾಜನ ಕಣ್ಣು ಹೊಸ ಹುಡುಗಿಯರ ಕಡೆ ತಿರುಗಿದ್ದನ್ನು ದಿನಾ ನೋಡುವ ಹೆಂಗಸು ಅಷ್ಟು ಮಾಡೋದು ದೊಡ್ಡ ವಿಷಯ ಅಲ್ಲ. ಆದರೆ ರಾಜನನ್ನು ಕೊಂದರೆ ಅವಳಿಗೇನು ಲಾಭ? ಅವಳ ಅನ್ನ, ಅಂತಸ್ತು, ಮಕ್ಕಳ ಭವಿಷ್ಯ ಎಲ್ಲ ಅವನ ಉಸಿರಿನ ಮೇಲೆ ನಿಂತಿತ್ತು. ಮತ್ತೆ, ಆ ಕೈದಿಗಳ ಜಾಗದಲ್ಲಿ ನಿಂತು ನೋಡಿ. ಹೇಳೋದು ಮುಗಿದರೆ ಮರಣದಂಡನೆ. ಹೊಸ ಹೆಸರು ಹೇಳಿದರೆ ಹೊಸ ವಿಚಾರಣೆ, ಇನ್ನೊಂದಿಷ್ಟು ತಿಂಗಳ ಜೀವ. ಹೆಸರು ದೊಡ್ಡದಾದಷ್ಟೂ ಜೀವಕ್ಕೆ ರಕ್ಷೆ. ಹಿಂಸೆಯ ಕೋಣೆ ಪಕ್ಕದಲ್ಲೇ ಇರುವಾಗ ನಾನಾದರೂ ಸೈತಾನನ ಅಡ್ರೆಸ್ ಸಮೇತ ಹೇಳ್ತಿದ್ದೆ. ಲಾ ರೇನಿಯೇ ಈ ಹೇಳಿಕೆಗಳ ಮುಂದೆ ಒಮ್ಮೆ ನಂಬಿ ಒಮ್ಮೆ ನಂಬದೆ ಒದ್ದಾಡಿದ್ದಾನೆ.

ರಾಜ ಮಾಡಿದ್ದೇನು? ಮೋಂತೆಸ್ಪಾಂ ಹೆಸರು ಬಂದ ಕಡೆಯೆಲ್ಲ ಅದನ್ನು ಬೇರೆ ಹಾಳೆಗಳಲ್ಲಿ ಬರೆಯಿರಿ, ಮುಖ್ಯ ಕಡತಕ್ಕೆ ಸೇರಿಸಬೇಡಿ ಅಂದ. 1680ರ ಅಕ್ಟೋಬರ್‌ನಲ್ಲಿ ನ್ಯಾಯಾಲಯವನ್ನೇ ನಿಲ್ಲಿಸಿದ. ಮರುವರ್ಷ ಮತ್ತೆ ತೆರೆದರೂ ಆ ಹೇಳಿಕೆಗಳು ಅಲ್ಲಿಗೆ ಬರೋ ಹಾಗಿರಲಿಲ್ಲ. 1682ರ ಜುಲೈನಲ್ಲಿ ಬಾಗಿಲು ಹಾಕುವ ಹೊತ್ತಿಗೆ 400ಕ್ಕೂ ಹೆಚ್ಚು ಜನರ ಮೇಲೆ ಗುಮಾನಿ ಬಂದಿತ್ತು, 200ಕ್ಕೂ ಹೆಚ್ಚು ಜನ ಬಂಧನವಾಗಿದ್ದರು, ಮೂವತ್ತಕ್ಕೂ ಹೆಚ್ಚು ಜನರಿಗೆ ಮರಣದಂಡನೆ ಆಗಿತ್ತು. ಮೋಂತೆಸ್ಪಾಂ ಬಗ್ಗೆ ಮಾತಾಡಿದವರನ್ನು ವಿಚಾರಣೆ ಮಾಡಿದರೆ ನ್ಯಾಯಾಧೀಶರ ಮುಂದೆ ಅದೆಲ್ಲ ಹೊರಬರುತ್ತದೆ, ಬಿಡುಗಡೆ ಮಾಡಿದರೆ ಊರಿಗೇ ಗೊತ್ತಾಗುತ್ತದೆ. ಹಾಗಾಗಿ ವಿಚಾರಣೆಯೂ ಇಲ್ಲ, ಬಿಡುಗಡೆಯೂ ಇಲ್ಲ. ಲೆಸಾಜ್, ಗಿಬೂರ್, ಆ ಮಗಳು, ಎಲ್ಲರನ್ನೂ ದೂರದ ಕೋಟೆಗಳಿಗೆ ಸಾಗಿಸಿ ಸರಪಳಿ ಹಾಕಿದರು. ಅವರು ಏನಾದರೂ ಕೂಗಾಡಿದರೆ ಚಾಟಿಯಲ್ಲಿ ಹೊಡೆಯಿರಿ, ಯಾರ ಕಿವಿಗೂ ಬೀಳಬಾರದು ಅಂತ ಮಂತ್ರಿ ಲೂವ್ವಾನ ಆದೇಶ. ಮೂವತ್ತು ವರ್ಷಕ್ಕಿಂತ ಜಾಸ್ತಿ ಹಾಗೇ ಬದುಕಿದ ಹೆಂಗಸರಿದ್ದಾರೆ. ಮೋಂತೆಸ್ಪಾಂ 1691ರವರೆಗೂ ಆಸ್ಥಾನದಲ್ಲೇ ಇದ್ದಳು.

ಅದೇ ಜುಲೈನಲ್ಲಿ ಒಂದು ರಾಜಾಜ್ಞೆ ಬಂತು. ವಿಷ ಮಾರುವವರು ಕೊಂಡವರ ಹೆಸರು, ವಾಸಸ್ಥಳ ಪುಸ್ತಕದಲ್ಲಿ ಬರೆದಿಡಬೇಕು. ಭವಿಷ್ಯ ಹೇಳುವವರು ದೇಶ ಬಿಡಬೇಕು. ಮಾಟವನ್ನು ಅದು ‘ಮಾಟ ಅಂತ ಹೇಳಿಕೊಳ್ಳುವ’ ಮೋಸ ಎಂದು ಕರೆಯಿತು. ಹಾಗೆ ನೋಡಿದರೆ ಆ ಕಾಲಕ್ಕೆ ಇದು ಬುದ್ಧಿವಂತ ಕಾನೂನೇ. ಆದರೆ ಅಷ್ಟು ದೊಡ್ಡ ತನಿಖೆಯಲ್ಲಿ ಅಷ್ಟು ಹೆಂಗಸರು ಒಂದೇ ಪ್ರಶ್ನೆ ಹಿಡಿದು ಬಂದಿದ್ದರೂ, ಮದುವೆಯ ಕಾನೂನಿನಲ್ಲಿ ಏನಾದರೂ ಬದಲಾಯಿಸೋಣ ಅಂತ ಯಾರಿಗೂ ಅನ್ನಿಸಲಿಲ್ಲ. ಪಾಷಾಣದ ಡಬ್ಬಿಗೆ ಬೀಗ ಹಾಕಿದರು, ಅಷ್ಟೆ.

1709ರಲ್ಲಿ ಲಾ ರೇನಿ ಸತ್ತ. ಒಂದು ತಿಂಗಳೊಳಗೆ ರಾಜ, ಮೂರು ದಶಕ ಬೀಗ ಹಾಕಿಟ್ಟಿದ್ದ ಪೆಟ್ಟಿಗೆ ತರಿಸಿ ಆ ಬೇರೆ ಹಾಳೆಗಳನ್ನೆಲ್ಲ ಸುಡಿಸಿದ. ಲಾ ರೇನಿ ತನಗಾಗಿ ಬರೆದಿಟ್ಟುಕೊಂಡ ಟಿಪ್ಪಣಿಗಳು ಮಾತ್ರ ಉಳಿದುಬಿಟ್ಟವು, ಅದು ರಾಜನ ಲೆಕ್ಕಕ್ಕೆ ಬಂದಿರಲಿಲ್ಲ. ಬಲಿಪೀಠದ ಕಥೆಯೆಲ್ಲ ಇವತ್ತು ನಮಗೆ ಗೊತ್ತಿರೋದು ಅದರಿಂದಲೇ.

ಇದನ್ನು ಯಾರಾದರೂ ಕನ್ನಡದಲ್ಲಿ ಕಾದಂಬರಿ ಮಾಡೋದಾದರೆ ನನ್ನದೊಂದು ಬೇಡಿಕೆ ಇದೆ. ಮೋಂತೆಸ್ಪಾಂಳನ್ನು ದಯವಿಟ್ಟು ಹಿಂದೆ ಇಡಿ, ಅವಳ ಬಗ್ಗೆ ಬರೆದು ಬರೆದು ಸಾಕಾಗಿದೆ. ಕಥೆ ಹೇಳೋಕೆ ಬ್ರುನೇ ಮನೆಯ ಆ ಮಗಳನ್ನು ಕೂರಿಸಿ. ಕೊಳಲು ಕೇಳಿದವಳು, ಅಪ್ಪನಿಗೆ ವಾಂತಿ ಬಂದಾಗ ಪಕ್ಕದ ಕೋಣೆಯಲ್ಲಿ ಇದ್ದಿರಬಹುದಾದವಳು ಅವಳು. ಲೆಸಾಜ್‌ನಿಗೆ ಎರಡು ಅಧ್ಯಾಯ ಕೊಟ್ಟರೂ ನನ್ನ ಅಭ್ಯಂತರ ಇಲ್ಲ.